ಐವರೂ ನಿಂತಿರಬೇಕು

ಸೋಮವಾರ, ಮಧ್ಯಾಹ್ನ ಎರಡೂವರೆ
ಲ್ಯಾಬಿನಿಂದ

ಪ್ರೀತಿಯ ಪುಟ್ಟಿ,

ನಾಳೆ ಹನ್ನೊಂದು ಗಂಟೆಗೆ ನೀನು ಆಸ್ಪತ್ರೆಯ ವಿಚಾರಣೆಯವರ ಮುಂದೆ ಕೂತು ಆ ಡಾಕ್ಟರಮ್ಮನ ವಿರುದ್ಧ ಹೇಳಿಕೆ ಕೊಡುತ್ತೀಯ. ಅದಕ್ಕೆ ಮುಂಚೆ ಈ ಕಾಗದವನ್ನು ಪೂರ್ತಿ ಓದು. ಅರ್ಧ ಓದಿ ಫೋನ್ ಮಾಡಬೇಡ, ನಾನು ಎತ್ತುವುದಿಲ್ಲ. ನಿನ್ನ ದನಿ ಕಿವಿಗೆ ಬಿದ್ದರೆ ನಾನು ಮತ್ತೆ ಸುಳ್ಳು ಹೇಳಿಬಿಡುತ್ತೇನೆ, ನನ್ನನ್ನು ನಾನು ಬಲ್ಲೆ.

ಇಪ್ಪತ್ತು ನಿಮಿಷದ ಬಸ್ಸಿನ ದಾರಿಯಲ್ಲಿರುವ ತಂಗಿಗೆ ಕಾಗದ ಬರೆಯುವ ಅಕ್ಕ ಎಲ್ಲಾದರೂ ಇದ್ದಾಳೆಯೇ ಎಂದು ನಗಬೇಡ. ಹಲ್ಲು ಕಟ್ಟುವ ಲ್ಯಾಬಿನ ಹಿಂದಿನ ಕೋಣೆಯಲ್ಲಿ, ಆರ್ಡರ್ ಹಾಳೆಗಳ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ಕಾಗದಕ್ಕೆಲ್ಲ ಪ್ಲಾಸ್ಟರ್ ಪುಡಿ ಮೆತ್ತಿದೆ, ಒರೆಸಿಕೊಂಡು ಓದು. ಯಾರೋ ಅಜ್ಜನ ಮೇಲ್ದವಡೆಯ ಹಲ್ಲಿನ ಸೆಟ್ಟು ಪಾಲಿಶಿಗೆ ಕಾದು ಕೂತಿದೆ, ನಾಲ್ಕಕ್ಕೆ ಕೊಡಬೇಕು. ಬೆಳಗ್ಗೆಯಿಂದ ಎರಡು ಹಲ್ಲು ಮುರಿದೆ.

ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ನಿನ್ನ ಗಂಡ ಕೊನೆಯ ಸಲ ಸರಿಯಾಗಿದ್ದದ್ದು ಸಂಜೆ ಐದೂವರೆಗೆ ಎಂದು ನಾನು ಹೇಳಿದ್ದು ಸುಳ್ಳು. ಮಧ್ಯಾಹ್ನ ಒಂದೂ ನಲವತ್ತರಿಂದ ಅವನು ನಮ್ಮೊಡನೆ ಮಾತಾಡಿಲ್ಲ, ಕೈಯಾಡಿಸಿಲ್ಲ. ಡಾಕ್ಟರಮ್ಮ ಆರೂ ಐವತ್ತಕ್ಕೆ ಆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟದ್ದು ನನ್ನ ಮಾತು ನಂಬಿ. ಲಕ್ವ ಹೊಡೆದ ನಾಲ್ಕೂವರೆ ಗಂಟೆಯೊಳಗೆ ಕೊಟ್ಟರೆ ಅದು ಮದ್ದು, ಆಮೇಲೆ ಕೊಟ್ಟರೆ ತಲೆಯೊಳಗೆ ರಕ್ತ ಸೋರುವ ಭಯ ಹೆಚ್ಚು. ಅವನಿಗೆ ಸೋರಿತು. ತಪ್ಪು ಇಂಜೆಕ್ಷನ್ನಿನದಲ್ಲ, ಅವಳದ್ದೂ ಅಲ್ಲ.

ಈಗ ನೀನು ಎದ್ದು ಗೋಡೆಗೆ ಒರಗಿ ನಿಂತಿರುತ್ತೀಯ. ಕೂತುಕೋ. ಉಳಿದದ್ದನ್ನು ಮೊದಲಿನಿಂದ ಹೇಳುತ್ತೇನೆ.

ಆಟದ ಹೆಸರೆತ್ತಿದರೆ ನಿನಗೆ ಮೈ ಉರಿಯುತ್ತದೆ, ಗೊತ್ತು. ನಲವತ್ತು ದಾಟಿದವರು ಕಂಪ್ಯೂಟರಿನಲ್ಲಿ ಕತ್ತಿ ಹಿಡಿದು ಕುಣಿಯುವುದನ್ನು ನೋಡಿದರೆ ನಿನ್ನ ಲೈಬ್ರರಿಗೆ ಬರುವ ಮಕ್ಕಳೂ ನಗುತ್ತವೆ ಎಂದು ನೀನು ಹೇಳಿದ್ದೆ. ನಿನ್ನ ಗಂಡನೇ ನನ್ನನ್ನು ಕೆಡಿಸಿದ ಎಂದೂ ನಂಬಿದ್ದೀಯ. ಅದೂ ಸರಿಯಲ್ಲ ಕಣೆ. ಅವನನ್ನು ಎಳೆದವಳು ನಾನು. ನನ್ನ ಮಾನ ಉಳಿಸಲು ಅವನು ಆ ಅಪವಾದವನ್ನು ತಾನೇ ಹೊತ್ತು ನಿನ್ನಿಂದ ಬೈಸಿಕೊಂಡ. ತಂಗಿಯ ಗಂಡನನ್ನು ಏಕವಚನದಲ್ಲಿ ಕರೆಯುತ್ತೇನೆಂದು ನೀನು ಮುನಿಸಿಕೊಳ್ಳುತ್ತಿದ್ದೆಯಲ್ಲ, ಅವನು ನನಗೆ ಒಡಹುಟ್ಟದ ತಮ್ಮ. ಹಾಗಾಗಿಯೇ ಬಾಯಿಗೆ ಬಹುವಚನ ಬರಲಿಲ್ಲ.

ನಾವು ಐದು ಜನ. ಆಟದಲ್ಲಿ ನೆಲದಡಿಯ ಒಂದು ಕೋಟೆ ಇದೆ, ಡಂಜನ್ ಅನ್ನುತ್ತಾರೆ. ಏಳು ಬಾಗಿಲು, ಪ್ರತಿ ಬಾಗಿಲಿಗೂ ಕಾವಲಿಗೊಂದು ರಾಕ್ಷಸ. ನಿನ್ನ ಗಂಡ ಗುರಾಣಿ ಹಿಡಿದು ಎಲ್ಲರಿಗಿಂತ ಮುಂದೆ ನಿಲ್ಲುತ್ತಾನೆ, ಬೀಳುವ ಹೊಡೆತವೆಲ್ಲ ಅವನಿಗೇ. ಅದಕ್ಕೆ ಅವನ ಹೆಸರು ಗೋಡೆ. ಲಿಫ್ಟ್ ರಿಪೇರಿಯವನಿಗೆ ಕತ್ತಲ ಗುಂಡಿಯಲ್ಲಿ ತಾಳ್ಮೆಯಿಂದ ನಿಲ್ಲುವುದು ಹೇಳಿಕೊಡಬೇಕೇ! ಬೆಂಕಿ ಎಸೆಯುವವನು ಕಿಡಿ, ಟ್ಯಾಕ್ಸಿ ಓಡಿಸುತ್ತಾನೆ. ಬಿಲ್ಲು ಹಿಡಿದವಳು ಗುಬ್ಬಿ. ದಾರಿ ಹೇಳುವವರು ಮೇಷ್ಟ್ರು, ನಿವೃತ್ತ ಗಣಿತದ ಮೇಷ್ಟ್ರು. ಯಾವ ಬಾಗಿಲಿನಲ್ಲಿ ಎಷ್ಟು ಹೊತ್ತಿಗೆ ಏನಾಯಿತೆಂದು ಪುಸ್ತಕದಲ್ಲಿ ಬರೆದಿಡುತ್ತಾರೆ. ಅವರವರ ಮನೆಯಲ್ಲಿ ಕೂತು ಹೆಡ್‌ಫೋನಿನಲ್ಲಿ ಮಾತಾಡಿಕೊಂಡು ಆಡುವುದು. ಈ ಮೂವರ ಮುಖವನ್ನು ನಾವಿಬ್ಬರೂ ನೋಡಿಲ್ಲ, ದನಿ ಮಾತ್ರ ಗೊತ್ತು.

ನನ್ನ ಹೆಸರು ಮದ್ದು. ನಾನು ರಾಕ್ಷಸನ ಕಡೆ ನೋಡುವುದೇ ಇಲ್ಲ. ಪರದೆಯ ಮೂಲೆಯಲ್ಲಿ ಐದು ಪಟ್ಟಿಗಳಿರುತ್ತವೆ, ಒಬ್ಬೊಬ್ಬರ ಜೀವಕ್ಕೆ ಒಂದೊಂದು. ಹಸಿರು ಇದ್ದರೆ ಕ್ಷೇಮ, ಕೆಂಪಾದರೆ ಸಾವು. ಯಾರ ಪಟ್ಟಿ ಇಳಿಯುತ್ತದೋ ಅವರದ್ದನ್ನು ತುಂಬುವುದು ನನ್ನ ಕೆಲಸ. ಒಂಬತ್ತು ತಿಂಗಳಲ್ಲಿ ನಿನ್ನ ಗಂಡನ ಮುಖಕ್ಕಿಂತ ಅವನ ಪಟ್ಟಿಯನ್ನೇ ಹೆಚ್ಚು ನೋಡಿದ್ದೇನೆ.

ಆ ಕೋಟೆಗೆ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಏಳನೆಯ ಬಾಗಿಲು ತೆರೆಯಬೇಕಾದರೆ ಐವರೂ ಜೀವಂತವಾಗಿ ನಿಂತಿರಬೇಕು. ಒಬ್ಬರು ಸತ್ತರೂ, ಒಬ್ಬರು ಹೊರಗೆ ಹೋದರೂ ಎಲ್ಲರೂ ಮತ್ತೆ ಮೊದಲ ಬಾಗಿಲಿಗೆ. ಗುಬ್ಬಿಯ ಮನೆಯ ಕರೆಂಟು ಹೋಗಿ ಒಮ್ಮೆ, ಕಿಡಿ ಆಕಳಿಸಿ ಒಮ್ಮೆ, ನಾನು ಕೆಮ್ಮಿ ಒಮ್ಮೆ, ಹೀಗೆ ಇಪ್ಪತ್ತಮೂರು ಸಲ ಸೋತಿದ್ದೆವು. ಆ ಭಾನುವಾರ ಕೊನೆಯ ದಿನ. ಸಂಜೆ ಆರಕ್ಕೆ ಆಟದವರು ಆ ಕೋಟೆಯನ್ನು ಶಾಶ್ವತವಾಗಿ ಮುಚ್ಚುವವರಿದ್ದರು. ನಿನಗೆ ಲೈಬ್ರರಿಯಲ್ಲಿ ಭಾನುವಾರದ ಡ್ಯೂಟಿ, ಅವನಿಗೆ ರಜೆ. ಮಧ್ಯಾಹ್ನ ಹನ್ನೆರಡಕ್ಕೆ ಅವನು ನಿಮ್ಮ ಮನೆಯಲ್ಲಿ, ನಾನು ನನ್ನ ಮನೆಯಲ್ಲಿ ಕೂತೆವು.

ಒಂದೂ ನಲವತ್ತಕ್ಕೆ ಮೂರನೆಯ ಬಾಗಿಲಿನಲ್ಲಿದ್ದೆವು. ಅವನು ಮೇಷ್ಟ್ರಿಗೆ ಏನೋ ಲಿಫ್ಟಿನ ತಮಾಷೆ ಹೇಳುತ್ತಿದ್ದ. ಮಾತು ನಡುವೆಯೇ ತೊದಲತೊಡಗಿತು, ಬಾಯಲ್ಲಿ ಬಿಸಿ ಅನ್ನ ಇಟ್ಟುಕೊಂಡವನ ಹಾಗೆ. "ಎಡಗೈ ಜೋಮು ಹಿಡಿದಿದೆ ಕಣಕ್ಕಾ, ಮಾತೇ ಕೇಳ್ತಿಲ್ಲ" ಅಂದ. ಅಷ್ಟು ಅರ್ಥವಾಯಿತು. "ಗೋಡೆ ಹಗಲಲ್ಲೇ ಏರಿಸ್ಬಿಟ್ಟಿದಾನೆ" ಎಂದ ಕಿಡಿ. ಎಲ್ಲರೂ ನಕ್ಕೆವು. ನಾನೂ ನಕ್ಕೆ ಪುಟ್ಟಿ.

ಆಮೇಲೆ ಧಡ್ ಎಂದು ಏನೋ ಬಿದ್ದ ಸದ್ದು. ಅದಾದ ಮೇಲೆ ಉಜ್ಜಿದಂತೆ, ಗೊರಗುಟ್ಟಿದಂತೆ ಒಂದೇ ಸಮನೆ ಕರಕರ. ಕಾಳಗದ ನಡುವೆ ಒಬ್ಬರ ಕೂಗು ಇನ್ನೊಬ್ಬರಿಗೆ ಕೇಳದಿದ್ದರೆ ಎಲ್ಲರೂ ಸತ್ತ ಹಾಗೆ. ಯಾರ ಮೈಕು ಕಿರಿಕಿರಿ ಮಾಡಿದರೂ ಮುಚ್ಚುವ ಅಧಿಕಾರ ನನ್ನದು, ಹಾಗೆಂದು ಮೊದಲೇ ಒಪ್ಪಂದ. ಮೈಕು ಕೆಳಗೆ ಬಿದ್ದಿರಬೇಕೆಂದುಕೊಂಡು ಯಾರಿಗೂ ಕೇಳದ ಹಾಗೆ ಅವನ ದನಿ ಮುಚ್ಚಿದೆ.

ಗೋಡೆ ಪರದೆಯ ಮೇಲೆ ಅಲ್ಲಾಡದೆ ನಿಂತಿತ್ತು. ಅದು ನಮಗೆ ಹೊಸದಲ್ಲ. ಯಾರೋ ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದಾರೆಂದು ಫೋನ್ ಬಂದರೆ ಅವನು ಭಾನುವಾರ ಅನ್ನದೆ, ಊಟ ಅನ್ನದೆ ಹಾಗೆಯೇ ಎದ್ದು ಓಡುತ್ತಾನೆ, ನಿನಗೂ ಗೊತ್ತು. ಹಿಂದೆ ಎರಡು ಸಲ ಆಟದ ನಡುವೆ ಹೀಗಾಗಿತ್ತು. ಅಂಥ ಹೊತ್ತಿಗೆಂದು ನಮ್ಮದೊಂದು ಪದ್ಧತಿ. ಮದ್ದಿನವಳು ಕೀಲಿಮಣೆಯ ಒಂದು ಕೀಲಿ ಒತ್ತಿದರೆ ನಿಂತುಹೋದವನ ಗೊಂಬೆ ಅವಳ ಹಿಂದೆಯೇ ಬರುತ್ತದೆ. ನಾವು ಅದಕ್ಕೆ "ಬೆರಳು ಕೊಡುವುದು" ಅನ್ನುತ್ತೇವೆ. ಸಂತೆಯಲ್ಲಿ ಮಗುವಿಗೆ ಬೆರಳು ಕೊಟ್ಟು ನಡೆಸಿಕೊಂಡು ಹೋಗುವುದಿಲ್ಲವೇ, ಹಾಗೆ. ನಾನು ನಿನ್ನ ಗಂಡನಿಗೆ ಬೆರಳು ಕೊಟ್ಟೆ.

ಇನ್ನೊಂದು ವಿಷಯವನ್ನೂ ಬರೆಯಬೇಕು, ಬರೆಯಲು ಕೈ ಬರುತ್ತಿಲ್ಲ. ಸುಮ್ಮನೆ ನಿಂತವರನ್ನು ಆಟ ಹತ್ತು ನಿಮಿಷಕ್ಕೆ ಹೊರಹಾಕುತ್ತದೆ. ಹೊಡೆತ ಬೀಳುತ್ತಿದ್ದರೆ ಮಾತ್ರ ಹಾಕುವುದಿಲ್ಲ. ಆದ್ದರಿಂದ ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಹೋಗುವಾಗಲೆಲ್ಲ ನಾನು ಅವನನ್ನು ಬೇಕೆಂದೇ ಚಿಲ್ಲರೆ ಪಿಶಾಚಿಗಳ ನಡುವೆ ನಿಲ್ಲಿಸಿದೆ. ಅವು ಹೊಡೆಯುತ್ತಿದ್ದವು, ನಾನು ಪಟ್ಟಿ ತುಂಬುತ್ತಿದ್ದೆ. ಮತ್ತೆ ಹೊಡೆಯುತ್ತಿದ್ದವು, ಮತ್ತೆ ತುಂಬುತ್ತಿದ್ದೆ. ಮೂರೂವರೆ ಗಂಟೆಗೂ ಹೆಚ್ಚು ಕಾಲ ಅವನ ಪಟ್ಟಿ ಒಂದು ಸಲವೂ ಕೆಂಪಾಗಲಿಲ್ಲ. ಗುಬ್ಬಿ ನನ್ನನ್ನು ಹೊಗಳಿದಳು.

ಮೇಷ್ಟ್ರು ಎರಡು ಸಲ ಕೇಳಿದರು. ನಾಲ್ಕನೆಯ ಬಾಗಿಲಿನಲ್ಲಿ "ಮದ್ದಮ್ಮ, ಗೋಡೆ ಯಾಕೆ ಸುಮ್ನಿದಾರೆ?" ಎಂದರು. ಲಿಫ್ಟಿನ ಕರೆ ಬಂದಿರಬೇಕು ಎಂದೆ. ಆರನೆಯ ಬಾಗಿಲಿನಲ್ಲಿ "ಒಂದು ಫೋನ್ ಮಾಡಿ ನೋಡ್ತೀರಾ?" ಎಂದರು. ಫೋನ್ ಮಾಡಿದರೆ ಕೈ ಕೀಲಿಮಣೆಯಿಂದ ಏಳಬೇಕು, ಎದ್ದರೆ ಅವನ ಪಟ್ಟಿ ಇಳಿಯುತ್ತದೆ, ಇಳಿದರೆ ಎಲ್ಲ ಮುಗಿಯಿತು. ಹಾಗೆ ಹೇಳಿದೆ. ಅವರು ಲೆಕ್ಕದ ಮನುಷ್ಯ, ಒಪ್ಪಿಕೊಂಡರು. ಲಿಫ್ಟಿನ ಕೆಲಸಕ್ಕೆ ಹೋಗಿದ್ದಾನೆಂದು ನಾನು ಪೂರ್ತಿ ನಂಬಿದ್ದೆ. ಆ ಇಡೀ ಮಧ್ಯಾಹ್ನ ನನಗೆ ಅನುಮಾನ ಬರಲಿಲ್ಲವೆಂದು ಬರೆಯುತ್ತಿದ್ದೇನೆ, ವಿಚಾರಣೆಯವರೂ ಅದನ್ನು ಓದಲಿ.

ಐದೂ ಇಪ್ಪತ್ತೆರಡಕ್ಕೆ ಏಳನೆಯ ಬಾಗಿಲು ತೆರೆಯಿತು. ಒಳಗೆ ಒಂದು ಕಲ್ಲಿನ ಮೇಲೆ ನಮ್ಮ ಐದೂ ಹೆಸರು ಒಂದೊಂದಾಗಿ ಮೂಡಿದವು, ಎಲ್ಲಕ್ಕಿಂತ ಮೇಲೆ ಗೋಡೆ. ನಾನು ಕಿರುಚಿದ ಕಿರುಚಾಟಕ್ಕೆ ಪಕ್ಕದ ಮನೆಯವರು ಗೋಡೆ ಕುಟ್ಟಿದರು. ಎದ್ದು ಮುಖ ತೊಳೆದು ಟೀ ಇಟ್ಟೆ. ಐದೂ ಐವತ್ತಕ್ಕೆ ನಿನ್ನ ಫೋನ್ ಬಂತು.

ನೀನು ಅಳುತ್ತಿದ್ದೆ. ಬಾಗಿಲು ತೆಗೆದು ಒಳಗೆ ಬಂದರೆ ಅವನು ಕುರ್ಚಿಗೂ ಮಂಚಕ್ಕೂ ನಡುವೆ ಬಿದ್ದಿದ್ದಾನೆ, ಬಾಯಿ ಒಂದು ಕಡೆ ಸೊಟ್ಟಗಾಗಿದೆ, ಕಿವಿಯ ಮೇಲೆ ಹೆಡ್‌ಫೋನ್ ಹಾಗೆಯೇ ಇದೆ ಎಂದೆ. "ನಿನ್ನ ಜೊತೆ ಆಡ್ತಿದ್ರಲ್ಲ, ಎಷ್ಟೊತ್ತಿನ ತನಕ ಸರಿ ಇದ್ರು ಹೇಳಕ್ಕಾ" ಎಂದೆ. ಒಂದೂ ನಲವತ್ತು ಎನ್ನಲು ನಾನು ಬಾಯಿ ತೆರೆದೆ. ಹಾಗೆಂದರೆ ನಿನ್ನ ಮುಂದಿನ ಪ್ರಶ್ನೆ ಏನೆಂದು ಗೊತ್ತಿತ್ತು. ಅಷ್ಟು ಹೊತ್ತು ನೀನೇನು ಕತ್ತೆ ಕಾಯ್ತಿದ್ದೆಯಾ ಎಂದು ಕೇಳುತ್ತಿದ್ದೆ. "ಈಗ ಐದೂವರೆ ತನಕ ಚೆನ್ನಾಗೇ ಆಡ್ತಿದ್ದ ಕಣೆ" ಎಂದೆ. ಬಾಯಿಂದ ಎಷ್ಟು ಸಲೀಸಾಗಿ ಬಂತು ಗೊತ್ತೇ?

ಆರೂವರೆಗೆ ಆಸ್ಪತ್ರೆಯಿಂದ ಡಾಕ್ಟರಮ್ಮನೇ ನಿನ್ನ ಫೋನ್ ಇಸಿದುಕೊಂಡು ಮಾತಾಡಿದಳು. ನಾನಿನ್ನೂ ಬಸ್ಸಿನಲ್ಲಿದ್ದೆ, ಪಕ್ಕದಲ್ಲಿ ಯಾರೋ ಕಡಲೆ ಬೀಜ ಬಿಡಿಸಿ ತಿನ್ನುತ್ತಿದ್ದರು. ಅವಳು ಎರಡೆರಡು ಸಲ ಕೇಳಿದಳು ಪುಟ್ಟಿ. "ಖಚಿತವಾಗಿ ಹೇಳಿ, ಇದರ ಮೇಲೆ ನಾನು ಔಷಧಿ ನಿರ್ಧಾರ ಮಾಡ್ಬೇಕು. ಐದೂವರೆಗೆ ಅವರ ಮಾತು ಸರಿಯಾಗಿತ್ತಾ? ನೀವೇ ಕೇಳಿಸಿಕೊಂಡ್ರಾ?" ಎಂದಳು. ಒಮ್ಮೆ ನಿನಗೆ ಹೇಳಿ ಆಗಿತ್ತು. ಈಗ ಬೇರೆ ಹೇಳಿದರೆ ನೀನು ಅಲ್ಲಿಯೇ ಪಕ್ಕದಲ್ಲಿ ನಿಂತಿರುತ್ತೀಯ. "ಹೌದು ಡಾಕ್ಟ್ರೇ, ನಾನೇ ಕೇಳಿದೆ" ಎಂದೆ. ಅವಳು ಥ್ಯಾಂಕ್ಸ್ ಎಂದಳು.

ಮರುದಿನ ಬೆಳಗ್ಗೆ ತಲೆಬುರುಡೆ ತೆರೆದರು. ಅವನಿನ್ನೂ ಐಸಿಯುವಿನಲ್ಲಿ ನಳಿಗೆಯಲ್ಲಿ ಉಸಿರಾಡುತ್ತಿದ್ದಾನೆ. ಡಾಕ್ಟರಮ್ಮನನ್ನು ಡ್ಯೂಟಿಯಿಂದ ತೆಗೆದು ಮನೆಗೆ ಕಳಿಸಿದರು. ಗುರುವಾರ ಕಾರಿಡಾರಿನಲ್ಲಿ ಅವಳು ನಿನ್ನನ್ನು ತಡೆದು, "ನನ್ನನ್ನು ಬಯ್ಯಿರಿ, ಪರವಾಗಿಲ್ಲ. ಆದ್ರೆ ಆ ಟೈಮು ಸರಿ ಅಂತ ನನಗೆ ಅನ್ನಿಸ್ತಿಲ್ಲ, ಇನ್ನೊಂದು ಸಲ ವಿಚಾರಿಸಿ" ಎಂದಳಲ್ಲ. ಆಗ ನೀನು ಕೂಗಾಡಿದ್ದು ಮೂರು ಮಹಡಿಗೆ ಕೇಳಿಸಿರಬೇಕು. ನಮ್ಮಕ್ಕ ಹುಟ್ಟಿದಾಗಿಂದ ಒಂದು ಸುಳ್ಳು ಹೇಳಿದವಳಲ್ಲ, ನಮ್ಮಮ್ಮ ಸತ್ತ ಮೇಲೆ ನನ್ನನ್ನ ಸಾಕಿದವಳು ಅವಳು, ಅವಳ ಮೇಲೆ ಗೂಬೆ ಕೂರಿಸ್ತೀಯಾ ಎಂದೆ. ಡಾಕ್ಟರಮ್ಮನ ಕಣ್ಣಲ್ಲಿ ನೀರಿತ್ತು. ಕೈಯಲ್ಲಿ ಬಸ್ ಪಾಸು ಹಿಡಿದು ನಿಂತಿದ್ದಳು. ನಾನು ನಿನ್ನ ಹಿಂದೆಯೇ ಇದ್ದೆ. ನಿನ್ನ ಭುಜ ಹಿಡಿದು "ಬಿಡೆ, ಅವಳಿಗೇನು ಗೊತ್ತು" ಎಂದೆ. ಈ ಒಂದು ಮಾತಿಗೆ ನನ್ನ ನಾಲಿಗೆ ಬಿದ್ದುಹೋಗಬೇಕಿತ್ತು.

ನನಗೆ ತಾನಾಗಿ ಬುದ್ಧಿ ಬಂತೆಂದು ತಿಳಿಯಬೇಡ. ಶನಿವಾರ ಮೇಷ್ಟ್ರು ಫೋನ್ ಮಾಡಿದರು. ಅವನ ವಿಷಯ ಅವರಿಗೆ ತಿಳಿಸಿದ್ದವಳು ನಾನೇ, ಭಾನುವಾರ ಸಂಜೆ ಆಟ ಮುಗಿದ ಮೇಲೆ ಲಕ್ವ ಹೊಡೆಯಿತೆಂದು. ಅವರು ಪುಸ್ತಕ ತೆಗೆದು ಓದಿದರು. "ಒಂದು ನಲವತ್ತು, ಮೂರನೇ ಬಾಗಿಲು, ಗೋಡೆಯ ಮಾತು ತಪ್ಪಿತು, ಆಮೇಲೆ ಮೌನ, ಅಂತ ನಾನೇ ಬರೆದಿದೀನಿ. ಮದ್ದಮ್ಮ, ಆಸ್ಪತ್ರೆಯವರಿಗೆ ಎಷ್ಟು ಗಂಟೆ ಅಂತ ಹೇಳಿದ್ರಿ?" ಎಂದರು. ಐದೂವರೆ ಎಂದೆ. ಆಮೇಲೆ, "ನೀವು ಮನೆಯವರು, ನಿಮಗೆ ಗೊತ್ತಿರತ್ತೆ ಅಂತ ನಾವೆಲ್ಲ ಸುಮ್ನಿದ್ವಿ. ಮಂಗಳವಾರದ ಒಳಗೆ ನೀವು ಹೇಳಿ, ಇಲ್ದಿದ್ರೆ ಪುಸ್ತಕ ತಗೊಂಡು ನಾನೇ ಬರ್ತೀನಿ" ಎಂದರು. ಒಂದಿಷ್ಟೂ ಏರುದನಿ ಇರಲಿಲ್ಲ. ಜೋರು ಮಾಡಿದ್ದರೆ ನಾನೂ ಜಗಳ ಕಾಯುತ್ತಿದ್ದೆ.

ನಿನ್ನೆ ಸಂಜೆ ಐಸಿಯುಗೆ ಹೋದೆ. ನೀನು ಕೆಳಗೆ ಔಷಧಿ ತರಲು ಹೋಗಿದ್ದೆ. ಹಾಸಿಗೆಯ ಪಕ್ಕದ ಪರದೆಯ ಮೇಲೆ ಹಸಿರು ಗೆರೆ ಓಡುತ್ತಿತ್ತು, ನಾನು ಅವನ ಮುಖ ಬಿಟ್ಟು ಅದನ್ನೇ ನೋಡುತ್ತ ನಿಂತೆ. ಅಭ್ಯಾಸ ನೋಡು. "ಹೇಗಿದೀಯೋ" ಎಂದೆ. ಗೆರೆ ಜಿಗಿಯಿತು, ಯಂತ್ರ ಕೂಗಿಕೊಂಡಿತು. ಅವನ ಬಲಗಣ್ಣು ತೆರೆಯಿತು. ನರ್ಸ್ ಓಡಿಬಂದು ಸಂತೋಷದಿಂದ ಹೇಳಿದಳು, "ಯಾರ ದನಿಗೂ ಹೀಗೆ ಮಾಡಿರಲಿಲ್ಲ ಇವರು. ನಿಮ್ಮನ್ನ ಗುರುತು ಹಿಡೀತಿದಾರೆ ಅಮ್ಮ, ಮಾತಾಡಿಸ್ತಾ ಇರಿ." ಆ ಕಣ್ಣು ನನ್ನ ಮೇಲಿಂದ ಕದಲಲಿಲ್ಲ. ನಿನಗೆ ಹೇಳದೆ ಮೆಟ್ಟಿಲಿಳಿದು ಮನೆಗೆ ಬಂದುಬಿಟ್ಟೆ. ಯಾಕೆ ಹೇಳದೆ ಹೋದೆಯೆಂದು ಕೇಳಲು ನೀನು ನಾಲ್ಕು ಸಲ ಫೋನ್ ಮಾಡಿದೆ.

ಈಗ ನೀನು ಮಾಡಬೇಕಾದದ್ದು ಇಷ್ಟು. ನಾಳೆ ಈ ಹಾಳೆಗಳನ್ನು ವಿಚಾರಣೆಯವರ ಮುಂದೆ ಇಡು. ಸಮಯ ತಪ್ಪು ಹೇಳಿದ್ದು ಹೆಂಡತಿಯ ಅಕ್ಕ, ಡಾಕ್ಟರು ಎರಡು ಸಲ ಕೇಳಿದರೂ ಅವಳು ಅದನ್ನೇ ಹೇಳಿದಳು ಎಂದು ಹೇಳು. ಆ ಹುಡುಗಿಗೆ ಕೆಲಸ ವಾಪಸು ಸಿಗಬೇಕು. ಅವಳ ಕ್ಷಮೆ ನೀನು ಕೇಳಬೇಡ, ಅದು ನನ್ನ ಪಾಲಿನದು, ನಾನೇ ಹೋಗಿ ಕೇಳುತ್ತೇನೆ. ನನ್ನನ್ನು ಕರೆಸಿದರೆ ಬರುತ್ತೇನೆ. ಕೇಸು ಹಾಕಿದರೂ ಸರಿಯೇ. ಮಾಡಿದ್ದುಣ್ಣೋ ಮಹಾರಾಯ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವಳು ನಾನೇ ತಾನೇ.

ಮನೆಗೆ ಬರಬೇಡ ಎನ್ನುವುದಾದರೆ ಬರುವುದಿಲ್ಲ. ನಿನಗೆ ಸಿಟ್ಟು ಬಂದಾಗ ಊಟ ಬಿಡುವ ಚಾಳಿ ಇದೆ, ಈ ಸಲ ಬಿಡಬೇಡ. ಅವನಿಗೆ ನೀನು ಬೇಕು. ನಿನ್ನ ಮೇಲೆ ನನಗೆ ಎಷ್ಟು ಪ್ರೀತಿ ಎಂದು ಬರೆದರೆ ಈಗ ಅದೂ ಸುಳ್ಳಿನ ಹಾಗೆ ಕೇಳುತ್ತದೆ, ಆದರೂ ಬರೆದಿದ್ದೇನೆ.

ಹಾಗೆ ಕರೆಯಲು ನಿನಗಿನ್ನೂ ಮನಸ್ಸಿದ್ದರೆ,
ನಿನ್ನ ಅಕ್ಕ

ತಾ.ಕ.: ಕವರು ಅಂಟಿಸಿದ್ದೆ, ಮತ್ತೆ ಹರಿದು ತೆಗೆದೆ. ಇಲ್ಲಿಯ ತನಕ ಒಪ್ಪಿಕೊಂಡದ್ದೆಲ್ಲ ಮೇಷ್ಟ್ರ ಪುಸ್ತಕದಿಂದ ಹೇಗೂ ಹೊರಬೀಳುವಂಥದ್ದು. ಇದು ಆ ಪುಸ್ತಕದಲ್ಲಿ ಇಲ್ಲ. ಅವನು ಮಾತಾಡುವ ಹಾಗಾದರೆ ಅವನು ಹೇಳಬಹುದು, ಅಷ್ಟೇ. ಅನುಮಾನ ಬರಲಿಲ್ಲವೆಂದು ಬರೆದೆನಲ್ಲ, ಬಂದಿತ್ತು. ಐದನೆಯ ಬಾಗಿಲು ದಾಟಿದ ಮೇಲೆ ಉಳಿದ ಮೂವರು ನೀರು ಕುಡಿಯಲು ಎದ್ದಿದ್ದರು. ಮೂರು ಗಂಟೆ ಹತ್ತು ನಿಮಿಷಕ್ಕೆ ನಾನು ಅವನ ದನಿ ತೆರೆದೆ. ಆ ಹೊತ್ತಿಗೆ ಆಸ್ಪತ್ರೆಗೆ ಸೇರಿಸಿದ್ದರೆ ಇಂಜೆಕ್ಷನ್ನಿಗೆ ಬೇಕಾದಷ್ಟು ಸಮಯ ಇತ್ತು. ಅವನು ಅಲ್ಲಿಯೇ ಇದ್ದ. ನಾಲಿಗೆ ತೊದಲುತ್ತಿತ್ತು, ಆದರೆ ಅಕ್ಕಾ ಎನ್ನುತ್ತಿರುವುದು ತಿಳಿಯುತ್ತಿತ್ತು. ಎರಡು ಸಲ ಕರೆದ. "ಇನ್ನೆರಡೇ ಬಾಗಿಲು ಕಣೋ, ಸ್ವಲ್ಪ ತಡ್ಕೋ" ಎಂದು ಹೇಳಿ ನಾನು ಮತ್ತೆ ಮುಚ್ಚಿದೆ.